ಒಂಬತ್ತನೇ ಸಾಲು

ಬರೆದವರಿಗೆ ಹೆಸರಿಲ್ಲ, ಓದುವ ನನಗೂ ಇಲ್ಲ.
ಅವರು ಪ್ರಬಂಧ ಇನ್ನೂರ ಹದಿನೇಳು,
ನಾನು ವಿಮರ್ಶಕ ಎರಡು.
ನಡುವೆ ಒಂದು ಅಂತರಪಟ.
ಜೀರಿಗೆ ಬೆಲ್ಲದ ಹೊತ್ತು ಬರುವುದೇ ಇಲ್ಲ ಇಲ್ಲಿ,
ಯಾರೂ ಅದನ್ನು ಸರಿಸುವುದಿಲ್ಲ.

ದಾಸರಹಳ್ಳಿ. ರಾತ್ರಿ ಹನ್ನೊಂದು ಮುಕ್ಕಾಲು.
ಕೊನೆಯ ಮೆಟ್ರೊ ನಾಗಸಂದ್ರದ ಕಡೆ ಖಾಲಿ ಹೋಯಿತು.
ಸಮ್ಮೇಳನದ ಅಧ್ಯಕ್ಷರು ಮೂರನೇ ಸಲ ಬರೆದಿದ್ದಾರೆ:
ಉಳಿದಿಬ್ಬರೂ ಸ್ವೀಕರಿಸಿ ಅಂದಿದ್ದಾರೆ,
ತಮ್ಮದೊಂದೇ ಬಾಕಿ, ದಯವಿಟ್ಟು.

ವಿಷಯ: ಪೀಣ್ಯದ ಶೆಡ್ಡುಗಳ ಸದ್ದು, ಕೆಲಸಗಾರರ ಕಿವಿ.
ನಮ್ಮ ಮನೆಯಿಂದ ಎರಡು ಸ್ಟಾಪು.
ಇಂಗ್ಲಿಷು ಚೆನ್ನಾಗಿದೆ,
ಗ್ರಾಫು ಇಸ್ತ್ರಿ ಮಾಡಿದ ಪಂಚೆಯ ಹಾಗಿದೆ,
ನೈತಿಕ ಸಮಿತಿಯ ಅನುಮತಿ ಸಂಖ್ಯೆ ಇದೆ,
ಕಡೆಗೆ ಕೆಲಸಗಾರರಿಗೆ ಕೃತಜ್ಞತೆ, ಒಂದೂವರೆ ಸಾಲು.

ಕೋಷ್ಟಕ ನಾಲ್ಕು, ಒಂಬತ್ತನೇ ಸಾಲು:
ಅಕ್ಟೋಬರ್ ಇಪ್ಪತ್ತಮೂರು, ಬೆಳಿಗ್ಗೆ ಹನ್ನೊಂದು,
ಲೇತ್ ವಿಭಾಗ, ತೊಂಬತ್ನಾಲ್ಕು ಡೆಸಿಬೆಲ್.

ಹಳೇ ಕ್ಯಾಲೆಂಡರು ತೆಗೆದೆ. ತೆಗೆಯಬಾರದಿತ್ತೇನೋ.
ಆವತ್ತು ಆಯುಧಪೂಜೆ.

ಆಯುಧಪೂಜೆಯ ದಿನ ಪೀಣ್ಯದಲ್ಲಿ ಒಂದು ಬೆಲ್ಟೂ ತಿರುಗುವುದಿಲ್ಲ.
ಲೇತಿನ ಮೂತಿಗೆ ಅರಿಶಿನ, ಡ್ರಿಲ್ಲಿಗೆ ಸೇವಂತಿಗೆ ಹಾರ,
ಶಟರಿನ ಎರಡೂ ಕಡೆ ಬಾಳೆಕಂದು,
ರಸ್ತೆ ತುಂಬ ಒಡೆದ ಬೂದುಗುಂಬಳ, ಕುಂಕುಮದ ರಾಡಿ,
ಅದರ ಮೇಲೆ ಜಾರುವ ಸ್ಕೂಟರು.
ನಮ್ಮ ಮಾವ ಗಂಗಹನುಮಯ್ಯ
ಮೂವತ್ತೆಂಟು ವರ್ಷ ಅಲ್ಲಿ ಕಬ್ಬಿಣ ತಿರುಗಿಸಿದವರು.
ಬಲಗಿವಿ ಪೂರ್ತಿ ಹೋಗಿದೆ,
ಎಡಗಿವಿಗೆ ಟೀವಿ ನಲವತ್ತಕ್ಕಿಟ್ಟರೆ ಒಂದಿಷ್ಟು.
ಹೇಳುತ್ತಿದ್ದರು: ಆವತ್ತೊಂದಿನ ತಗಡಿನ ಮೇಲೆ
ಪಾರಿವಾಳ ನಡೆದಾಡೋದು ಕೇಳಿಸೋದು ಕಣಮ್ಮ,
ಉಗುರಿನ ಸದ್ದು.
ವರ್ಷಕ್ಕೊಂದೇ ದಿನ ಆ ಕಿವಿಗಳಿಗೆ ರಜೆ.
ಆ ದಿನಕ್ಕೂ ಯಾರೋ
ತೊಂಬತ್ನಾಲ್ಕು ತುಂಬಿಬಿಟ್ಟಿದ್ದಾರೆ.

"ಇದು ಅಳೆದದ್ದಲ್ಲ, ಹೆಣೆದದ್ದು" ಎಂದು ಒತ್ತಿದೆ.
ಬೆರಳುಗಳಿಗೆ ಹಿತವಾಯಿತು.
ಆ ಹಿತ ಕಂಡು ನಾಚಿಕೆಯಾಯಿತು.

ಮತ್ತೀಕೆರೆಯ ಪೀಜಿಯಲ್ಲಿ ಯಾವಳೋ ಹುಡುಗಿ ಇರಬಹುದು,
ಐದು ತಿಂಗಳಿಂದ ಫೆಲೋಶಿಪ್ ಬಂದಿಲ್ಲ,
ಮೂವತ್ತು ಸಾಲು ಬೇಕು ಅಂದಿರಬಹುದು ಗೈಡು,
ಕೈಯಲ್ಲಿ ಇದ್ದದ್ದು ಇಪ್ಪತ್ತೊಂಬತ್ತು.
ಅಥವಾ ಹದಿಮೂರು ಹೋಗಿ ಇಪ್ಪತ್ತಮೂರಾಗಿರಬಹುದು, ನಿದ್ದೆಗಣ್ಣಲ್ಲಿ.
ಅಥವಾ ಗೈಡೇ.

ನನ್ನ ಪಿಎಚ್‌ಡಿಯ ಮೂರನೇ ಅಧ್ಯಾಯದಲ್ಲಿ
ಇನ್ನೊಂದು ಚುಕ್ಕಿ ಇರಬೇಕಿತ್ತು.
ನಮ್ಮ ಸರ್ ಅದನ್ನು ಹೆಬ್ಬೆರಳಿಂದ ಮುಚ್ಚಿ
ಈಗ ನೋಡು, ಗೆರೆ ಎಷ್ಟು ನೇರ, ಅಂದರು.
ನೋಡಿದೆ. ನೇರವಾಗಿಯೇ ಇತ್ತು.
ಹೆಬ್ಬೆರಳು ತೆಗೆದ ಮೇಲೂ ನಾನು
ಆ ಜಾಗ ನೋಡಲಿಲ್ಲ.
ಇಬ್ಬರು ವಿಮರ್ಶಕರು ಆಗ ಬರೆದಿದ್ದರು:
ಬಹಳ ಅಚ್ಚುಕಟ್ಟು.

ಒತ್ತಿದ ಸಾಲು ಅಳಿಸಿ, ಪ್ರಶ್ನೆ ಬರೆದೆ:
ಕೋಷ್ಟಕ ನಾಲ್ಕು, ಸಾಲು ಒಂಬತ್ತು.
ಆವತ್ತು ಆ ಶೆಡ್ಡಿನಲ್ಲಿ ಯಾವ ಯಂತ್ರ ಓಡುತ್ತಿತ್ತು?
ಮೂಲ ನೋಟ್‌ಬುಕ್ಕಿನ ಪುಟ ಕಳಿಸಿ.
ಅದು ಬರುವ ತನಕ ನನ್ನ ಉತ್ತರ: ಇಲ್ಲ.

ಅರ್ಜಿ ಕೇಳಿತು: ನಿಮ್ಮ ಖಾತ್ರಿ ಎಷ್ಟು, ಐದರಲ್ಲಿ?
ಐದು.
ಹಿತಾಸಕ್ತಿಯ ಸಂಘರ್ಷ ಏನಾದರೂ?

ಅಲ್ಲಿ ನಿಂತುಬಿಟ್ಟೆ.
ಒಂದು ಕಿವಿಯ ಸಂಬಂಧ ಉಂಟು. ಒಂದು ಚುಕ್ಕಿಯದು.
ಬರೆದರೆ ಯಾವ ಕಾಲಮ್ಮಿಗೆ ಸೇರುತ್ತದೆ?

ಪಕ್ಕದ ಕೋಣೆಯಿಂದ ಮಾವ, ಬೀದಿಗೆಲ್ಲ ಕೇಳುವ ಹಾಗೆ:
ಇನ್ನೂ ಮಲಗಿಲ್ವೇನಮ್ಮ?
ಲೆಕ್ಕ ನೋಡ್ತಿದೀನಿ ಮಾವ!
ಸರಿ ಬಂತಾ?

ತಲೆ ಅಲ್ಲಾಡಿಸಿದೆ.
ಹೌದೋ ಅಲ್ಲವೋ, ಕತ್ತಲಲ್ಲಿ
ಅವರಿಗೆ ಕಾಣಲಿಲ್ಲ.